ಅಪ್‌ಡೇಟ್: ನಮ್ಮ ಮಕ್ಕಳು ಈಗ ಪಾಸ್ ಕೊಡ್ತಿದ್ದಾರೆ!

ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಸಿಕ್ಕ ಮಗು ಬಿಡುವುದೇ ಇಲ್ಲ, ಉಳಿದವರೆಲ್ಲ ಅಲ್ಲೇ ಮುತ್ತಿಕೊಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ?

ಕೆಲಸಕ್ಕೆ ಬಂದದ್ದು ಡ್ರಿಬಲ್ ಇಲ್ಲದ ಆಟ. ಅರ್ಧ ಕೋರ್ಟಿನಲ್ಲಿ ಮೂವರಿಗೆ ಮೂವರು. ಚೆಂಡು ಪುಟಿಸುವಂತಿಲ್ಲ, ಪಾಸ್ ಮಾತ್ರ. ಪಾಸ್ ಕೊಟ್ಟವರು ನಿಲ್ಲದೆ ಬುಟ್ಟಿಯ ಕಡೆ ಓಡಬೇಕು. ಮೊದಲು ಬರೀ ಗಲಾಟೆ. ಆಮೇಲೆ ತಾವಾಗಿಯೇ ಖಾಲಿ ಜಾಗ ಹುಡುಕತೊಡಗಿದರು. ಎಷ್ಟು ಖುಷಿಯಾಯಿತು ಗೊತ್ತಾ!

7ನೇ ನಂಬರ್ ಚೆಂಡಿನ ಬದಲು ಅದಕ್ಕಿಂತ ಚಿಕ್ಕದಾದ 5ನೇ ನಂಬರ್ ತಂದದ್ದೂ ಒಳ್ಳೆಯದಾಯಿತು. ಚಿಕ್ಕ ಕೈಗಳಿಗೆ ಎದೆಮಟ್ಟದ ಪಾಸ್ ಈಗ ಸಲೀಸು.

ಪ್ರತಿ ಪಾಸ್‌ಗೂ ಪಾಯಿಂಟ್ ಕೊಡುವ ಸಲಹೆ ಮಾತ್ರ ನಡೆಯಲಿಲ್ಲ. ಸುಮ್ನೆ ಪಾಸ್ ಮಾಡುತ್ತಾ ನಿಂತರು, ಬುಟ್ಟಿಗೆ ಹಾಕುವವರೇ ಇಲ್ಲ.

ಇನ್ನೊಂದು ಗೊತ್ತಾಯಿತು. ಬಾಸ್ಕೆಟ್‌ಬಾಲ್ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಮಾಡಿದ ಮೊದಲ ನಿಯಮಗಳಲ್ಲೂ ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಅಂದರೆ ಪಾಸ್‌ನಿಂದಲೇ ಆಟ ಶುರುವಾದದ್ದು!