‘ಮಾತ್ರೆ ಬಿಸಾಕಿ’ ಎಂದ ಪೋಸ್ಟರ್, ಮಾವಳ್ಳಿ ಮನೆ ಗುಂಪಿನ ಜಗಳ

ನಮ್ಮ ‘ಮಾವಳ್ಳಿ ಮನೆ’ ಗುಂಪಿನಲ್ಲಿ ನಲವತ್ತು ಚಿಲ್ಲರೆ ಜನ ಇದ್ದಾರೆ. ಮಾತಾಡುವವರು ಏಳೆಂಟು ಮಂದಿ. ಉಳಿದವರು ಹುಟ್ಟುಹಬ್ಬಕ್ಕೆ ಕೇಕ್ ಎಮೋಜಿ ಹಾಕಿ ಮಾಯವಾಗುತ್ತಾರೆ. ಶನಿವಾರ ನಡೆದ ಚರ್ಚೆಯನ್ನು ಇಲ್ಲಿ ಹಾಕಿದ್ದೇನೆ. ಮಧ್ಯೆ ನುಗ್ಗಿದ ಗುಡ್ ಮಾರ್ನಿಂಗ್ ಹೂಗಳನ್ನೂ ಗೃಹಪ್ರವೇಶದ ಅಡುಗೆಯವರ ಮಾತನ್ನೂ ತೆಗೆದಿದ್ದೇನೆ. ಹೆಸರಿನ ಬದಲು ಮನೆಯಲ್ಲಿ ಕರೆಯುವ ಹಾಗೆಯೇ ಇಟ್ಟಿದ್ದೇನೆ.

ವಿಜಯನಗರ ಮಾವ: (ಪೋಸ್ಟರ್) ‘ಶುಗರ್, ಬಿಪಿ, ಥೈರಾಯ್ಡ್ 21 ದಿನದಲ್ಲಿ ಮಾಯ! ಭಾರತದ 5000 ವರ್ಷ ಹಳೆಯ ಪ್ರಕೃತಿ ಚಿಕಿತ್ಸೆ. ಬೆಳಿಗ್ಗೆ ಸೋರೆಕಾಯಿ ಜ್ಯೂಸ್, ಹೊಟ್ಟೆಗೆ ಮಣ್ಣಿನ ಪಟ್ಟಿ, ಮೂರು ದಿನ ಉಪವಾಸ. ಮೊದಲ ದಿನವೇ ಮಾತ್ರೆ ಬಿಸಾಕಿ. ಕೆಲವೇ ಸೀಟುಗಳಿವೆ.’

ವಿಜಯನಗರ ಮಾವ: ಜಯನಗರದ ಅಕ್ಕನ ಗಮನಕ್ಕೆ. ನನ್ನ ವಾಕಿಂಗ್ ಗೆಳೆಯರೊಬ್ಬರು ಸೇರಿದ್ದಾರೆ. ಮುಖದಲ್ಲಿ ಏನು ಕಳೆ ಅಂತೀರಿ!

ಜಯನಗರ ಅತ್ತೆ: ನಿಜವಾಗಲೂ ಮಾತ್ರೆ ಬಿಡಬಹುದಾ? ದಿನಾ ನುಂಗಿ ನುಂಗಿ ಸಾಕಾಗಿದೆ.

ಡಾಕ್ಟರ್ ಭಾವ: ಬಿಡಬಹುದು ಅತ್ತೆ. ಆಮೇಲೆ ನಮ್ಮ ಎಮರ್ಜೆನ್ಸಿಗೆ ಬರಬಹುದು. ನ್ಯಾಚುರೋಪತಿ ಅಂದರೆ ದುಡ್ಡು ಕೊಟ್ಟು ಉಪವಾಸ ಇರುವುದು. ಸ್ಪಾಗೆ ಬಿಳಿ ಕೋಟು ಹಾಕಿದ್ದಾರೆ, ಅಷ್ಟೇ.

ಪಾಲಿಸಿ ಚಿಕ್ಕಪ್ಪ: ಐದೂವರೆ ವರ್ಷದ ಫೀಸು ಕಟ್ಟಿದ್ದೇನಪ್ಪ. ಸ್ಪಾ ಅನ್ನಬೇಡ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಚಿಕ್ಕಪ್ಪ ಇನ್ಶೂರೆನ್ಸ್ ಏಜೆಂಟ್. ಅವರ ಮಗಳು ಪುಟ್ಟಿ ಉಜಿರೆಯಲ್ಲಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಡಿಗ್ರಿ ಓದಿದವಳು. ಎಂಬಿಬಿಎಸ್ ಸಿಗದೆ ಹೋದವಳು ಎಂದು ನೆಂಟರೆಲ್ಲ ಅಂದುಕೊಂಡಿದ್ದಾರೆ. ಅವಳು ಬೇಕೆಂದೇ ಆರಿಸಿಕೊಂಡದ್ದು. ಪೋಸ್ಟರ್ ಬಂದಾಗ ಡ್ಯೂಟಿಯಲ್ಲಿದ್ದಳು. ಅಷ್ಟರೊಳಗೆ ಇಲ್ಲಿ ಯುದ್ಧ ಶುರುವಾಗಿತ್ತು.

ವಿಜಯನಗರ ಮಾವ: ನಿಮ್ಮ ಇಂಗ್ಲಿಷ್ ಔಷಧಿ ನಿನ್ನೆ ಮೊನ್ನೆಯದು. ಇದು 5000 ವರ್ಷದ್ದು.

ನಾನು: ಮಾವ, ಯೋಗ, ಆಯುರ್ವೇದ ಹಳೆಯವು, ಒಪ್ಪಿದೆ. ಆದರೆ ಈ ಪೋಸ್ಟರಿನಲ್ಲಿರುವ ಮಣ್ಣಿನ ಪಟ್ಟಿ, ಟಬ್ ಸ್ನಾನದ ಪದ್ಧತಿ ಹೆಚ್ಚಾಗಿ ಯುರೋಪಿನಿಂದ ಬಂದದ್ದು. ಪ್ರೀಸ್ನಿಟ್ಸ್ ಎಂಬ ರೈತ ತಣ್ಣೀರಿನ ಬಟ್ಟೆ ಸುತ್ತಿ ಚಿಕಿತ್ಸೆ ಕೊಡುತ್ತಿದ್ದ. 1851ರಲ್ಲಿ ತೀರಿಕೊಂಡ. ಆಮೇಲೆ ಬವೇರಿಯಾದ ಪಾದ್ರಿ ಕ್ನೈಪ್. ಸೊಂಟದ ಸ್ನಾನಕ್ಕೆ ಹೆಸರು ತಂದವನು ಲೈಪ್‌ಜಿಗ್‌ನ ಲೂಯಿ ಕೂನೆ. ಮಣ್ಣನ್ನು ಎತ್ತಿ ಹಿಡಿದವನು ಅಡಾಲ್ಫ್ ಜಸ್ಟ್, ಅವನೂ ಜರ್ಮನಿಯವನೇ. ಕೂನೆಯ ಪುಸ್ತಕ 1894ರಲ್ಲಿ ತೆಲುಗಿಗೆ ಬಂತು. ನಮ್ಮ ಕಡೆ ಇದು ಹಬ್ಬಿದ್ದು ಅಲ್ಲಿಂದ ಈಚೆಗೆ.

ವಿಜಯನಗರ ಮಾವ: ಹಾಗಾದರೆ ಗಾಂಧೀಜಿ ಮಣ್ಣಿನ ಪಟ್ಟಿ ಹಾಕಿಕೊಳ್ಳುತ್ತಿದ್ದದ್ದು ಸುಳ್ಳಾ?

ನಾನು: ಸುಳ್ಳಲ್ಲ. ಜಸ್ಟ್‌ನನ್ನು ಓದಿಯೇ ಶುರು ಮಾಡಿದ್ದು. 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಆಶ್ರಮವನ್ನೇ ಶುರು ಮಾಡಿಸಿದರು. ಆದರೆ 1924ರ ಜನವರಿಯಲ್ಲಿ ಯರವಾಡ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಯಿತಲ್ಲ, ಆಗ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಆಪರೇಷನ್ನೇ ಮಾಡಿಸಿಕೊಂಡರು. ಹೊಟ್ಟೆಗೆ ಮಣ್ಣು ಮೆತ್ತಿಕೊಂಡು ಕೂರಲಿಲ್ಲ.

ಡಾಕ್ಟರ್ ಭಾವ: 👏👏👏

ವಿಜಯನಗರ ಮಾವ: ನೀವೆಲ್ಲ ಸೇರಿಕೊಂಡಿದ್ದೀರಿ. ಬಸವನಗುಡಿಯವರು ಹೋಗಿ ಬಂದಿದ್ದಾರಲ್ಲ, ಅವರನ್ನೇ ಕೇಳಿ.

ಬಸವನಗುಡಿ ದೊಡ್ಡಮ್ಮ ಟೈಪ್ ಮಾಡುವುದಿಲ್ಲ. ವಾಯ್ಸ್ ನೋಟ್ ಕಳಿಸುತ್ತಾರೆ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಅದನ್ನೇ ಬರೆದಿದ್ದೇನೆ:

‘ನಾನು ಹೋಗಿದ್ದು ತುಮಕೂರು ರಸ್ತೆ ಕಡೆಯ ಆಸ್ಪತ್ರೆಗೆ, ಮಂಡಿ ನೋವಿಗೆ. ಕತ್ತಲಿರುವಾಗಲೇ ಎಬ್ಬಿಸುತ್ತಾರೆ. ಒದ್ದೆ ಮಣ್ಣನ್ನು ಬಟ್ಟೆಯಲ್ಲಿ ಮಡಿಸಿ ಹೊಟ್ಟೆ ಮೇಲೆ ಇಡುತ್ತಾರೆ, ಕಣ್ಣಿಗೂ ಒಂದು ಪಟ್ಟಿ. ಮೊದಲು ಮೈಯೆಲ್ಲ ಝುಂ ಅನ್ನುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಸೊಂಟದ ಸ್ನಾನ ಅಂದರೆ ಕುರ್ಚಿ ಥರದ ಟಬ್ಬು. ಕಾಲು ಹೊರಗೆ, ಸೊಂಟ ನೀರೊಳಗೆ. ನೋಡಿದವರು ನಗಬೇಕು. ಎನಿಮಾ ವಿಷಯ ಗುಂಪಿನಲ್ಲಿ ಹೇಳುವುದಿಲ್ಲ. ಊಟ ಉಪ್ಪಿಲ್ಲದ ಬೇಯಿಸಿದ ತರಕಾರಿ. ಎರಡನೇ ದಿನ ತಲೆನೋವು ಬಂತು ನೋಡಿ, ಅಯ್ಯೋ ರಾಮ! ಪಕ್ಕದ ಬೆಡ್ಡಿನಾಕೆ, ವಿಷ ಹೊರಗೆ ಹೋಗುತ್ತಿದೆ ಅಂದಳು. ಡಾಕ್ಟರಮ್ಮ ನಕ್ಕು, ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತಿದ್ದಿರಿ ಅಂತ ಕೇಳಿದರು. ಕಾಫಿ ನಿಂತಿದ್ದಕ್ಕೆ ಬಂದ ತಲೆನೋವು ಅದು. ತೂಕ ಇಳಿಯಿತು, ಮಂಡಿ ಹಗುರಾಯಿತು. ಮನೆಗೆ ಬಂದು ಕೋಡುಬಳೆ ಶುರು ಮಾಡಿದೆ. ಮಂಡಿಯೂ ಶುರು ಮಾಡಿತು.’

ಪಾಲಿಸಿ ಚಿಕ್ಕಪ್ಪ: ಕ್ಲೇಮ್ ಸಿಕ್ಕಿತಾ ಅತ್ತಿಗೆ?

ಬಸವನಗುಡಿ ದೊಡ್ಡಮ್ಮ: (ವಾಯ್ಸ್ ನೋಟ್) ‘ಒಂದು ಪೈಸೆ ಇಲ್ಲ.’

ಪಾಲಿಸಿ ಚಿಕ್ಕಪ್ಪ: ಎಲ್ಲರೂ ಕೇಳಿ, ಇದು ಮುಖ್ಯ. ಪಾಲಿಸಿಯಲ್ಲಿ ಆಯುಷ್ (ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ ಇತ್ಯಾದಿ) ಕವರ್ ಇದೆ ಎಂದು ಕುಣಿಯಬೇಡಿ. ಹೊರಗಿಡುವ ಪಟ್ಟಿಯಲ್ಲಿ 13ನೇ ನಂಬರ್ ಓದಿ. ಹೆಲ್ತ್ ಹೈಡ್ರೋ (ನೀರಿನ ಚಿಕಿತ್ಸೆಯ ತಂಗುದಾಣ), ನೇಚರ್ ಕ್ಯೂರ್ ಕ್ಲಿನಿಕ್, ಸ್ಪಾ ಇವಕ್ಕೆ ದುಡ್ಡಿಲ್ಲ ಎಂದು ಅದರಲ್ಲೇ ಬರೆದಿದೆ. ಆಯುಷ್ ಆಸ್ಪತ್ರೆ ಅನ್ನಿಸಿಕೊಳ್ಳಲು ಕನಿಷ್ಠ 5 ಬೆಡ್ ಬೇಕು, ಹಗಲೂ ರಾತ್ರಿ ಅರ್ಹ ವೈದ್ಯರು ಇರಬೇಕು. ಸೇರುವ ಮೊದಲೇ ಕಂಪನಿಗೆ ಮೇಲ್ ಹಾಕಿ, ಉತ್ತರ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಅಮೆರಿಕಾ ಅಕ್ಕ: ಇಲ್ಲಿ ಇನ್ನೂ ಗೊಂದಲ. ಕೆಲವು ರಾಜ್ಯಗಳಲ್ಲಿ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದ ನ್ಯಾಚುರೋಪತಿಯವರಿಗೆ ಮಾತ್ರ ಲೈಸೆನ್ಸ್. ವಾಷಿಂಗ್ಟನ್, ಆರೆಗಾನ್‌ನಲ್ಲಿ ಅವರು ಕೆಲವು ಮಾತ್ರೆ ಕೂಡ ಬರೆದುಕೊಡಬಹುದು. ಲೈಸೆನ್ಸ್ ನಿಯಮವೇ ಇಲ್ಲದ ರಾಜ್ಯಗಳಲ್ಲಿ ಆನ್‌ಲೈನ್ ಕೋರ್ಸ್ ಮಾಡಿದವರೂ ಅದೇ ಬೋರ್ಡ್ ಹಾಕಿಕೊಳ್ಳುತ್ತಾರೆ.

ಇಷ್ಟರಲ್ಲಿ ಪುಟ್ಟಿ ಬಂದಳು. ‘ಟೈಪಿಂಗ್’ ಎಂದು ಬಹಳ ಹೊತ್ತು ತೋರಿಸುತ್ತಿತ್ತು.

ಪುಟ್ಟಿ: ಮೊದಲು ಮಾವನಿಗೆ. ಈ ಪೋಸ್ಟರಿನಲ್ಲಿ ವೈದ್ಯರ ಹೆಸರಿಲ್ಲ, ಓದಿದ್ದೇನು ಅಂತಿಲ್ಲ, ರಿಜಿಸ್ಟ್ರೇಷನ್ ನಂಬರಿಲ್ಲ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯವರ ನೋಂದಣಿಗೆ 1961ರ ಕಾಯ್ದೆಯೇ ಇದೆ. ಆಸ್ಪತ್ರೆಗೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ನೋಂದಣಿ) ನಂಬರ್ ಬೇಕು, ಅದು 2007ರ ಕಾಯ್ದೆ. ಇನ್ನು ಶುಗರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ತಪ್ಪು. ನಮ್ಮ ಕಾಲೇಜಿನವರು ಕೊಟ್ಟರೂ ತಪ್ಪೇ.

ಪುಟ್ಟಿ: ಈಗ ಭಾವನಿಗೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅನಾಟಮಿ, ಫಿಸಿಯಾಲಜಿ, ಪೆಥಾಲಜಿ ನಾವೂ ಓದಿದ್ದೇವೆ. ಡಿಗ್ರಿ ಕೊಡುವುದು ನಿಮಗೆ ಕೊಟ್ಟ ರಾಜೀವ್ ಗಾಂಧಿ ವಿಶ್ವವಿದ್ಯಾಲಯವೇ. ನಿಮ್ಮ ಕ್ಲಿನಿಕ್ಕಿನಲ್ಲಿ ಶುಗರ್ ಇರುವವರಿಗೆ ಎಷ್ಟು ಹೊತ್ತು ಕೊಡುತ್ತೀರಿ?

ಡಾಕ್ಟರ್ ಭಾವ: ಹೊರಗೆ ನಲವತ್ತು ಜನ ಕಾದಿರುತ್ತಾರೆ ಪುಟ್ಟಿ.

ಪುಟ್ಟಿ: ಗೊತ್ತು, ಬೈಯುತ್ತಿಲ್ಲ. ನಾನು ಮುಕ್ಕಾಲು ಗಂಟೆ ಕೂರುತ್ತೇನೆ. ರಾತ್ರಿ ಊಟ ಎಷ್ಟು ಹೊತ್ತಿಗೆ, ಅನ್ನ ಎಷ್ಟು, ಸೊಪ್ಪು ತಿನ್ನುತ್ತಾರಾ, ನಿದ್ದೆ ಬರುತ್ತದಾ, ಮನೆಯಲ್ಲಿ ಜಗಳವಾ, ಎಲ್ಲ ಕೇಳುತ್ತೇನೆ. ಅಡುಗೆ ಹೇಳಿಕೊಡುತ್ತೇನೆ, ಪ್ರಾಣಾಯಾಮ ಮಾಡಿಸುತ್ತೇನೆ, ದಿನಾ ನಡೆಸುತ್ತೇನೆ. ನೀರಿನ ಚಿಕಿತ್ಸೆ, ಮಸಾಜ್ ನೋವಿಗೆ ಆರಾಮ ಕೊಡುತ್ತವೆ. ಔಷಧಿ ನಾವು ಬರೆಯುವುದಿಲ್ಲ. ನೀವು ಬರೆದದ್ದನ್ನು ನಿಲ್ಲಿಸುವುದೂ ಇಲ್ಲ.

ಡಾಕ್ಟರ್ ಭಾವ: ಆ ‘ದೇಹದಲ್ಲಿ ಸೇರಿಕೊಂಡ ವಿಷ’ದ ಕಥೆ? ಒಂದು ವಿಷದ ಹೆಸರು ಹೇಳು. ಲಿವರ್, ಕಿಡ್ನಿ ಇರುವುದು ಯಾತಕ್ಕೆ?

ಪುಟ್ಟಿ: ಕೂನೆ ಕಾಲದ ಮಾತು ಅದು. ನಮ್ಮ ಪುಸ್ತಕದಲ್ಲಿ ಈಗಲೂ ಇದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ರೋಗಿಗೆ ಹೇಳುವುದಿಲ್ಲ. ಬಣ್ಣದ ದೀಪದ ಚಿಕಿತ್ಸೆ, ಅಯಸ್ಕಾಂತ ಇವನ್ನೂ ನಾನು ಕೊಡುವುದಿಲ್ಲ.

ಅವಳು ಇದನ್ನು ಮನೆಯವರ ಗುಂಪಿನಲ್ಲಿ ಬರೆದಳಲ್ಲ, ನನಗೆ ಅದೇ ದೊಡ್ಡದು ಅನ್ನಿಸಿತು. ಭಾವನ ಸ್ವರವೂ ಅಲ್ಲಿಂದ ಸ್ವಲ್ಪ ಇಳಿಯಿತು.

ಡಾಕ್ಟರ್ ಭಾವ: ಸರಿ, ನಿನ್ನ ಪರವಾಗಿ ಒಂದು ನಾನೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಎಂಬ ಅಧ್ಯಯನ ನಡೆಯಿತು. ದಿನಕ್ಕೆ ಸುಮಾರು 850 ಕ್ಯಾಲೊರಿ ಆಹಾರ, ಮೂರರಿಂದ ಐದು ತಿಂಗಳು. ವರ್ಷದ ಕೊನೆಗೆ 46% ಜನರಿಗೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಗೆ ಬಂತು. ಎರಡು ವರ್ಷಕ್ಕೆ 36%. ಅಂದರೆ ಊಟದಿಂದ ಆಗುವುದಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ವಿಜಯನಗರ ಮಾವ: ನೋಡಿದಿರಾ! ನಾನು ಹೇಳಿದ್ದೂ ಅದೇ!

ಡಾಕ್ಟರ್ ಭಾವ: ಅಲ್ಲ ಮಾವ. ಅಲ್ಲಿಯೂ ಮೊದಲ ದಿನವೇ ಮಾತ್ರೆ ನಿಲ್ಲಿಸಿದರು, ನಿಜ. ಆದರೆ ಶುಗರ್ ಬಂದು 6 ವರ್ಷ ದಾಟದವರನ್ನು ಮಾತ್ರ ಆರಿಸಿದ್ದರು. ಇನ್ಸುಲಿನ್ ತಗೊಳ್ಳುವವರನ್ನು ಸೇರಿಸಲೇ ಇಲ್ಲ. ತಿಂಗಳು ತಿಂಗಳೂ ನೋಡುತ್ತಿದ್ದರು. ಅತ್ತೆಯ ಶುಗರಿಗೆ ಇಪ್ಪತ್ತು ವರ್ಷ ಆಗುತ್ತಾ ಬಂತು.

ಮಾಗಡಿ ರೋಡ್ ಚಿಕ್ಕಮ್ಮ: ನಮ್ಮ ಎದುರು ಮನೆಯವರು ಥೈರಾಯ್ಡ್ ಮಾತ್ರೆ ಬಿಟ್ಟು ವಾರದ ಮೇಲಾಯಿತು. ಆರಾಮಾಗಿದ್ದಾರೆ.

ಪುಟ್ಟಿ: ಚಿಕ್ಕಮ್ಮ, ಆ ಮಾತ್ರೆಯ ಗುಣವೇ ಹಾಗೆ. ಬಿಟ್ಟರೂ ರಕ್ತದಲ್ಲಿ ಅರ್ಧ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಶಿಬಿರ ಮುಗಿಸಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಮನೆಗೆ ಬಂದ ಮೇಲೆ ಸುಸ್ತು, ಮಲಬದ್ಧತೆ, ಮೈ ಊತ ಶುರುವಾಗುತ್ತದೆ. ಆಗ ಶಿಬಿರದವರು ಫೋನ್ ಎತ್ತುವುದಿಲ್ಲ. ಇವತ್ತೇ ಅವರಿಗೆ ಹೇಳಿ.

ಜಯನಗರ ಅತ್ತೆ: ಸೋರೆಕಾಯಿ ಜ್ಯೂಸ್ ಆದರೂ ಕುಡಿಯಬಹುದಾ? ಅದರಲ್ಲೇನು ಅಪಾಯ, ತರಕಾರಿ ಅಲ್ವಾ?

ಪುಟ್ಟಿ: ಪಲ್ಯ ಮಾಡಿ ತಿನ್ನಿ, ತುಂಬಾ ಒಳ್ಳೆಯದು. ಹಸಿ ರಸಕ್ಕೆ ಒಂದು ಎಚ್ಚರ ಬೇಕು. ಕಾಯಿ ಕೆಲವೊಮ್ಮೆ ಕಹಿ ಇರುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ರಕ್ತ ವಾಂತಿ ಆಗುವಷ್ಟು ಕೆಟ್ಟದ್ದು. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಸೋರೆಕಾಯಿ, ಹಾಗಲಕಾಯಿ ರಸ ಕುಡಿದು ತೀರಿಕೊಂಡರು. ಹಾಗಲಕಾಯಿ ಬೆರೆಸಿದರೆ ಕಹಿ ಯಾವುದರದ್ದು ಅಂತಲೇ ಗೊತ್ತಾಗುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮಿತಿ ಕೂಡ ಕಹಿ ಇದ್ದರೆ ಕುಡಿಯಲೇಬೇಡಿ ಎಂದಿದೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಬಿಸಾಕಿ.

ಡಾಕ್ಟರ್ ಭಾವ: ‘ಆರೋಗ್ಯಕ್ಕೆ ಕಹಿ ಒಳ್ಳೆಯದು’ ಎಂದು ಮೂಗು ಹಿಡಿದು ಕುಡಿಯುತ್ತಾರೆ. ಅದೇ ಕಷ್ಟ.

ವಿಜಯನಗರ ಮಾವ: ನಾನು ತಿಂಗಳಿಂದ ಕುಡಿಯುತ್ತಿದ್ದೇನೆ. ಏನೂ ಆಗಿಲ್ಲ.

ಬಸವನಗುಡಿ ದೊಡ್ಡಮ್ಮ: (ವಾಯ್ಸ್ ನೋಟ್) ‘ಬುದ್ಧಿಯೂ ಆಗಿಲ್ಲ.’

ಇಲ್ಲಿ ಅರ್ಧ ಗಂಟೆ ನಗುವ ಎಮೋಜಿಗಳು. ಮಾವ ಗುಂಪು ಬಿಟ್ಟರು. ಚಿಕ್ಕಪ್ಪ ಮತ್ತೆ ಸೇರಿಸಿದರು. ಇದು ನಮ್ಮಲ್ಲಿ ಮಾಮೂಲು, ಯಾರೂ ಗಾಬರಿ ಆಗುವುದಿಲ್ಲ.

ಪುಟ್ಟಿ: ಅತ್ತೆ, ನೀವು ಈಗ ತಗೊಳ್ಳುತ್ತಿರುವ ಮಾತ್ರೆಗಳ ಫೋಟೋ ಹಾಕಿ. ಹೋದ ಸಲದ ಬ್ಲಡ್ ರಿಪೋರ್ಟೂ ಬೇಕು. ನನಗೆ ಮಾತ್ರ ಕಳಿಸಿದರೂ ಸಾಕು.

ಅತ್ತೆ ಗುಂಪಿಗೇ ಹಾಕಿದರು. ಮೂರು ಶೀಟು, ಮಾತ್ರೆ ತೆಗೆದ ಗುಳಿಗಳೆಲ್ಲ ಒಳಕ್ಕೆ ಕುಸಿದಿದ್ದವು. ಅಡುಗೆಮನೆ ಕಟ್ಟೆಯ ಮೇಲೆ ಸಾರಿನ ಪುಡಿ ಡಬ್ಬದ ಪಕ್ಕ.

ಪುಟ್ಟಿ: ಮೊದಲನೆಯದರಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇದೆ, ಎರಡೂ ಶುಗರಿಗೆ. ಈ ಗ್ಲಿಮೆಪಿರೈಡ್ ನೀವು ಊಟ ಮಾಡಿದ್ದೀರೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಬಿಡಿಸಿಯೇ ಬಿಡಿಸುತ್ತದೆ. ಇದನ್ನು ನುಂಗಿ ಉಪವಾಸ ಕೂತರೆ ಶುಗರ್ ತೀರಾ ಇಳಿದು ಬೆವರು, ನಡುಕ, ಕೊನೆಗೆ ಎಚ್ಚರ ತಪ್ಪಬಹುದು. ಪೂರ್ತಿ ಬಿಟ್ಟರೆ ಶುಗರ್ ಏರುತ್ತದೆ. ಹಾಗಾಗಿ ಎಷ್ಟು ಕಡಿಮೆ ಮಾಡಬೇಕು ಎನ್ನುವುದನ್ನು ನಿಮ್ಮ ಫಿಸಿಶಿಯನ್ನೇ ಹೇಳಬೇಕು. ಎರಡನೆಯದು ಟೆಲ್ಮಿಸಾರ್ಟನ್, ಬಿಪಿಗೆ. ಅದು ಪೊಟ್ಯಾಸಿಯಮ್ ಏರಿಸುತ್ತದೆ. ರಿಪೋರ್ಟಿನಲ್ಲಿ ನಿಮ್ಮ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ಆಗಲೇ ಜಾಸ್ತಿ ಇದೆ. ಮೇಲೆ ದಿನಾ ಲೋಟಗಟ್ಟಲೆ ಜ್ಯೂಸು, ಎಳನೀರು ಸೇರಿದರೆ ಪೊಟ್ಯಾಸಿಯಮ್ ಇನ್ನೂ ಏರಿ ಹೃದಯಕ್ಕೇ ತೊಂದರೆ. ನಿಮಗೆ ಜ್ಯೂಸ್ ಉಪವಾಸ ಬೇಡವೇ ಬೇಡ.

ಡಾಕ್ಟರ್ ಭಾವ: ನಾನೂ ಇದನ್ನೇ ಬರೆಯುತ್ತಿದ್ದೆ. ಅಳಿಸಿದೆ.

ಜಯನಗರ ಅತ್ತೆ: ಹಾಗಾದರೆ ನನಗೆ ಏನೂ ಇಲ್ವಾ? ಸುಮ್ನೆ ಮಾತ್ರೆ ನುಂಗಿಕೊಂಡು ಇರಬೇಕಾ?

ಪುಟ್ಟಿ: ಇದೆ ಅತ್ತೆ. ರಾತ್ರಿ ಊಟ ಬೇಗ, ಅನ್ನ ಅರ್ಧ. ಯಾವ ತರಕಾರಿ ಎಷ್ಟು ಎಂದು ಕಿಡ್ನಿ ನೋಡಿಕೊಂಡು ಪಟ್ಟಿ ಮಾಡಿಕೊಡುತ್ತೇನೆ. ಊಟ ಆದ ಮೇಲೆ ಹದಿನೈದು ನಿಮಿಷ ನಡಿಗೆ. ಮಂಡಿಗೆ ಬಿಸಿ ಶಾಖ, ಸೊಂಟಕ್ಕೆ ನಾಲ್ಕು ಆಸನ. ಮಣ್ಣಿನ ಪಟ್ಟಿ ಬೇಕೆಂದರೆ ಅದೂ ಹಾಕುತ್ತೇನೆ, ತಂಪಾಗಿರುತ್ತದೆ. ಮೂರು ತಿಂಗಳಿಗೆ ರಿಪೋರ್ಟ್ ನೋಡೋಣ. ಶುಗರ್ ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವುದು ನಿಮ್ಮ ಡಾಕ್ಟರ್ ಕೆಲಸ, ನಾನೇ ಪತ್ರ ಬರೆದುಕೊಡುತ್ತೇನೆ.

ಜಯನಗರ ಅತ್ತೆ: ಸೋಮವಾರ ಡಾಕ್ಟರ್ ಹತ್ತಿರ ಟೋಕನ್ ತಗೊಳ್ಳುತ್ತೇನೆ. ಯಾರು ಕರೆದುಕೊಂಡು ಹೋಗುತ್ತೀರಿ?

ನೀಲಿ ಟಿಕ್ ಎಲ್ಲರದ್ದೂ ಬಂತು. ಉತ್ತರ ಮಾತ್ರ ಯಾರದ್ದೂ ಇಲ್ಲ.

ವಿಜಯನಗರ ಮಾವ: ನಾನೇ ಬರುತ್ತೇನೆ ಅಕ್ಕ. ನನ್ನದೂ ಒಂದು ಟೋಕನ್ ತಗೊಂಡಿರಿ. ಬಿಪಿ ಮಾತ್ರೆ ಬಿಟ್ಟು ಹದಿನೈದು ದಿನ ಆಯಿತು.

ಡಾಕ್ಟರ್ ಭಾವ: ಮಾವ, ಸೋಮವಾರದವರೆಗೆ ಯಾಕೆ? ಮನೆಯಲ್ಲೇ ಇರಿ, ಮಿಷನ್ ತಗೊಂಡು ಈಗಲೇ ಬರುತ್ತಿದ್ದೇನೆ.