ಇಪ್ಪತ್ತು ವರ್ಷ ದಾಟಿದ ಸ್ಪ್ಲೆಂಡರ್ ಕೊಳ್ಳಬಹುದೇ? ಕರಾವಳಿಯವರ ಅಭಿಪ್ರಾಯ ಬೇಕು

ಕಟಪಾಡಿ_ಉಪನ್ಯಾಸಕ

ನಮಸ್ಕಾರ. ನಾನು ಕಟಪಾಡಿಯವನು, ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಷ್ಟು ವರ್ಷ ಓಡಾಟವೆಲ್ಲ ಸ್ಕೂಟರಿನಲ್ಲೇ ನಡೆದಿತ್ತು. ಈಚೆಗೆ ಅದು ಗ್ಯಾರೇಜು ಸೇರಿದಾಗ ಭಾವ ತಮ್ಮ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರನ್ನು ಕೊಟ್ಟರು. ಸ್ಕೂಟರ್ ರಿಪೇರಿಯಾಗಿ ಮನೆಗೆ ಬಂದ ಮೇಲೂ ನನ್ನ ಕೈ ಬೈಕಿನ ಕೀಲಿಯತ್ತಲೇ ಹೋಗುತ್ತಿದೆ.

ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯ ಹೊಂಡಗಳಲ್ಲಿ ಸ್ಕೂಟರಿನ ಸಣ್ಣ ಚಕ್ರ ದಡಕ್ಕನೆ ಬೀಳುವ ಕಡೆಯಲ್ಲಿ ಇದರ 18 ಇಂಚಿನ ಚಕ್ರ ಉರುಳಿಕೊಂಡೇ ದಾಟುತ್ತದೆ. ಮೊಣಕಾಲನ್ನು ಟ್ಯಾಂಕಿಗೆ ಒತ್ತಿ ಬೆನ್ನು ನೇರ ಮಾಡಿ ಕುಳಿತರೆ ಸೊಂಟಕ್ಕೆ ಆಯಾಸವೇ ಇಲ್ಲ. ನಾಲ್ಕೂ ಗೇರುಗಳನ್ನು ಮುಂಗಾಲಿನಿಂದ ಒತ್ತಿ ಏರಿಸಿ ಹಿಮ್ಮಡಿಯಿಂದ ಇಳಿಸುವ ಕ್ರಮ ಮೊದಲು ವಿಚಿತ್ರವೆನಿಸಿದರೂ ಈಗ ಅದೇ ಸಹಜವಾಗಿದೆ. ಟಾಪ್ ಗೇರಿನಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುವಾಗ ಇಂಜಿನ್ ಎಷ್ಟು ಮೆತ್ತಗಿರುತ್ತದೆ ಎಂದರೆ ಉದ್ಯಾವರ ಸೇತುವೆಯ ಮೇಲೆ ಹೊಳೆಯ ಗಾಳಿಯ ಸದ್ದೇ ಅದಕ್ಕಿಂತ ಜೋರಾಗಿ ಕೇಳುತ್ತದೆ. ನೂರು ಸಿಸಿಯ ಹಳೆಯ ಬೈಕೊಂದರಲ್ಲಿ ಇಷ್ಟು ಸುಖವಿದ್ದೀತು ಎಂದು ನಾನು ಎಣಿಸಿರಲಿಲ್ಲ.

ಭಾವನ ಬೈಕನ್ನು ಅವರಿಗೆ ಮರಳಿಸಲೇಬೇಕು. ಶಿರ್ವದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ 2004ರ ಸ್ಪ್ಲೆಂಡರ್ ಪ್ಲಸ್ ಅನ್ನು 18,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಮೊದಲಿನಿಂದಲೂ ಒಬ್ಬರ ಕೈಯಲ್ಲೇ ಇದ್ದ ಬೈಕು. ಆದರೆ ಮನೆಯಲ್ಲಿ ಒಪ್ಪುತ್ತಿಲ್ಲ. ಅಷ್ಟು ಹಣವನ್ನು ಮುಂಗಡವಾಗಿ ಕಟ್ಟಿ ಹೊಸದನ್ನೇ ಕಂತಿನಲ್ಲಿ ತರಬಹುದಲ್ಲ ಎಂಬುದು ಅವರ ಮಾತು. ಉಪ್ಪುಗಾಳಿ ಮತ್ತು ಮಳೆಗೆ ಇಷ್ಟು ವರ್ಷ ಒಡ್ಡಿಕೊಂಡ ಬೈಕನ್ನು ನಂಬಬಹುದೇ, ದಾಖಲೆಗಳ ವಿಷಯದಲ್ಲಿ ತೊಡಕು ಬರುತ್ತದೆಯೇ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಆಗುತ್ತದೆಯೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಸುರತ್ಕಲ್_ಗ್ಯಾರೇಜ್

ಸರ್, ಸುರತ್ಕಲ್‌ನಲ್ಲಿ ಬೈಕ್ ರಿಪೇರಿ ಮಾಡಿಕೊಂಡಿರುವವನು ನಾನು. ಈ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿಯೇ ಕೆಲಸ ಕಲಿತೆ. ಹೀರೋ ಹೋಂಡಾ 1985ರಲ್ಲಿ ಸಿಡಿ 100 ತಂದಾಗ ಅದರಲ್ಲಿದ್ದದ್ದು 97.2 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್, 1994ರಲ್ಲಿ ಬಂದ ಸ್ಪ್ಲೆಂಡರಿಗೂ ಅದೇ ಅಳತೆ. 2011ರಲ್ಲಿ ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಎಂದಾದ ಮೇಲೂ ಆ ಅಳತೆ ಉಳಿದಿದೆ. ಹಾಗಾಗಿ ಪಿಸ್ಟನ್ ರಿಂಗ್, ಕ್ಲಚ್ ಪ್ಲೇಟ್, ಚೈನ್ ಸೆಟ್, ಬ್ರೇಕ್ ಲೈನರ್ ಇವೆಲ್ಲ ಮಂಗಳೂರು ಉಡುಪಿಯಲ್ಲಿ ಮಾತ್ರವಲ್ಲ, ಬೆಳ್ಮಣ್ಣಿನಂಥ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತವೆ. ನೀವು ಅನುಭವಿಸಿದ ಸುಖಕ್ಕೆ ಹಳೆಯ ಕಾಲದ ಮೇಲಿನ ಮೋಹ ಕಾರಣವಲ್ಲ. ಈ ಇಂಜಿನ್ ಹೆಚ್ಚು ಶಕ್ತಿಗೆ ಆಸೆಪಡದೆ ಕಡಿಮೆ ವೇಗದಲ್ಲಿ ಹಗುರವಾಗಿ ಎಳೆಯುವಂತೆ ರೂಪುಗೊಂಡದ್ದು, ಅದನ್ನು ಹಾಗೆಯೇ ಓಡಿಸಿದರೆ ಒಳಗಿನ ಭಾಗಗಳು ಬೇಗ ಸವೆಯುವುದೂ ಇಲ್ಲ.

ನೋಡಲು ಹೋಗುವಾಗ ಬೆಳಗ್ಗೆಯೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ತಲುಪಿದ ಕೂಡಲೇ ಇಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಚೋಕ್ ಎಳೆದು ಎರಡು ಮೂರು ಕಿಕ್‌ನೊಳಗೆ ಹೊತ್ತಿಕೊಂಡರೆ ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ಚೆನ್ನಾಗಿದೆ ಎಂದು ತಿಳಿಯಬಹುದು. ಬಿಸಿಯಾದ ಮೇಲೆ ಒಮ್ಮೆ ಆಕ್ಸಿಲರೇಟರ್ ಕೊಟ್ಟು ಬಿಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ ಎಂದರ್ಥ. ಸಣ್ಣಗೆ ಟಿಕ್ ಟಿಕ್ ಎಂಬುದು ವಾಲ್ವ್ ಒತ್ತುವ ಟ್ಯಾಪೆಟ್, ಅದಕ್ಕೆ ಹೆದರಬೇಕಾಗಿಲ್ಲ. ಎಡಬದಿಯಿಂದ ಕರಕರ ಎಂದು ಸರಪಳಿ ಎಳೆದಂತೆ ಕೇಳಿದರೆ ಇಂಜಿನ್ನಿನ ಒಳಗಿರುವ ಟೈಮಿಂಗ್ ಚೈನಿನ ಖರ್ಚು ಇದೆ. ಬಳಿಕ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಒತ್ತಿ ಹಿಡಿದಾಗ ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವೆ ಒಂದು ಕಡೆ ಸಿಕ್ಕಿಕೊಂಡಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಬದಲಿಸಬೇಕು.

ಇವೆಲ್ಲ ಸರಿಪಡಿಸಬಹುದಾದ ವಿಷಯಗಳು. ನಮ್ಮ ಕಡೆಯಲ್ಲಿ ಬೈಕನ್ನು ಕೊಲ್ಲುವುದು ತುಕ್ಕು. ಸೀಟು ತೆಗೆದು ಬ್ಯಾಟರಿ ಕೂರುವ ಜಾಗದ ಕೆಳಗೆ, ಹಿಂದಿನ ಶಾಕ್ ಅಬ್ಸಾರ್ಬರ್ ಬೈಕಿನ ಚೌಕಟ್ಟಾದ ಚಾಸಿಗೆ ಸೇರುವ ಕಡೆ, ಸೆಂಟರ್ ಸ್ಟ್ಯಾಂಡಿನ ಬುಡದಲ್ಲಿ ಟಾರ್ಚ್ ಹಿಡಿದು ನೋಡಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣದ ಸದ್ದು ಬಂದರೆ ಮೇಲಿನ ತುಕ್ಕನ್ನು ಉಜ್ಜಿ ಬಣ್ಣ ಹೊಡೆದರೆ ಆಯಿತು. ಪೊಳ್ಳು ಸದ್ದು ಬಂದು ಹುಡಿ ಉದುರಿದರೆ ಆ ಬೈಕು 5,000ಕ್ಕೆ ಸಿಕ್ಕರೂ ಬೇಡ, ಏಕೆಂದರೆ ಓಡುವಾಗ ಚಾಸಿ ಬಿಟ್ಟುಕೊಟ್ಟರೆ ಪ್ರಾಣಕ್ಕೇ ಅಪಾಯ. ಮಲ್ಪೆ, ಪಣಂಬೂರಿನಂತೆ ಕಡಲಿಗೆ ಅಂಟಿಕೊಂಡ ಊರಿನ ಬೈಕಿಗಿಂತ ಶಿರ್ವದ ಬೈಕು ವಾಸಿ, ಅಲ್ಲಿಗೆ ಉಪ್ಪುಗಾಳಿಯ ಹೊಡೆತ ಕಡಿಮೆ. ಈ ಬೈಕಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವುದು ನಮ್ಮ ಮಳೆಗೆ ದೊಡ್ಡ ಅನುಕೂಲ. ಅಂದ ಕೆಡುತ್ತದೆಂದು ಅದನ್ನು ಕಿತ್ತು ಎಸೆದವರ ಬೈಕಿನಲ್ಲಿ ಚೈನು ಒಂದೇ ಮಳೆಗಾಲಕ್ಕೆ ಕೆಂಪಾಗಿರುವುದನ್ನು ನೋಡುತ್ತಲೇ ಇರುತ್ತೇನೆ.

ಕದ್ರಿ_ಟೂ_ಸ್ಟ್ರೋಕ್

ಹಳೆಯ ಬೈಕು ಎಂದರೆ ಎಲ್ಲರೂ ಯಮಹಾ ಆರ್‌ಎಕ್ಸ್ 100 ಎನ್ನುತ್ತಾರೆ, ನಾನೂ ಅದರ ಪ್ರೇಮಿಯೇ. ಆದರೆ ನಿಮ್ಮ ಅಗತ್ಯಕ್ಕೆ ಅದನ್ನು ಹೇಳಲಾರೆ. 1985ರಿಂದ 1996ರವರೆಗೆ ಮಾತ್ರ ತಯಾರಾದ ಕಾರಣ ಚೆನ್ನಾಗಿರುವ ಒಂದೊಂದಕ್ಕೂ ಈಗ ಸಂಗ್ರಹದ ವಸ್ತುವಿನ ಬೆಲೆ ಬಂದಿದೆ, ಟೂ ಸ್ಟ್ರೋಕ್ ಆದ್ದರಿಂದ ಆಯಿಲ್ ಖರ್ಚೂ ಬೇರೆ. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿಯ ವಿಷಯವೂ ಹೀಗೆಯೇ. ದಿನವೂ ಕೆಲಸಕ್ಕೆ ಹೋಗಿಬರಲು ಯಾರೂ ತಿರುಗಿ ನೋಡದ ಸ್ಪ್ಲೆಂಡರೇ ಸರಿ. ಯಾರೂ ಬೆನ್ನು ಹತ್ತದ ಕಾರಣಕ್ಕೇ ಅದು ಇಂದಿಗೂ ಕೈಗೆಟಕುವ ಬೆಲೆಯಲ್ಲಿ ಉಳಿದಿದೆ.

ಮಿತಿಯನ್ನೂ ಹೇಳಬೇಕು. ಇಬ್ಬರು ಕುಳಿತು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಆ 14 ತಿರುವುಗಳಲ್ಲಿ ಎರಡನೇ ಗೇರು, ಕೆಲವೆಡೆ ಒಂದನೇ ಗೇರು ಬೇಕಾಗುತ್ತದೆ. ಚತುಷ್ಪಥ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಷ್ಟು ಕಸುವು ಇದಕ್ಕಿಲ್ಲ. ಎರಡೂ ಕಡೆ ಡ್ರಮ್ ಬ್ರೇಕ್ ಆಗಿರುವುದರಿಂದ ಮಳೆಯಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡಲೇಬೇಕು. ಇಷ್ಟನ್ನು ಒಪ್ಪಿಕೊಳ್ಳುವವರಿಗೆ ಇದು ಒಳ್ಳೆಯ ಸಂಗಾತಿ.

ಕಾರ್ಕಳದ_ಸವಾರ

ಯಂತ್ರದ ವಿಷಯ ಬಲ್ಲವರು ಹೇಳಿದ್ದಾರೆ, ನಾನು ದಾಖಲೆಗಳ ಬಗ್ಗೆ ಬರೆಯುತ್ತೇನೆ. ಹತ್ತು ಹದಿನೈದು ವರ್ಷ ದಾಟಿದ ವಾಹನ ರಸ್ತೆಗಿಳಿಯಬಾರದು ಎಂಬ ಸುದ್ದಿ ದೆಹಲಿ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು, ನಮ್ಮಲ್ಲಿ ವಯಸ್ಸೊಂದನ್ನೇ ನೋಡಿ ಬೈಕನ್ನು ಗುಜರಿಗೆ ಹಾಕಬೇಕೆಂಬ ಕಟ್ಟಳೆಯಿಲ್ಲ. ನೋಂದಣಿಯ ಮೊದಲ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯಲ್ಲಿ ಬೈಕು ತೋರಿಸಿ ನವೀಕರಿಸಬೇಕು. 2004ರ ಬೈಕಿಗೆ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಇದು ಆಗಿರಬೇಕು. ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬರೆದಿರುವ ಕೊನೆಯ ದಿನಾಂಕವನ್ನು ಮೊದಲು ನೋಡಿ, ಬೈಕಿನ ನೋಂದಣಿ ಸಂಖ್ಯೆಯನ್ನು ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲೂ ಹಾಕಿ ತಾಳೆ ಮಾಡಿ. ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಆರ್‌ಸಿಯೊಂದಿಗೆ ಅಕ್ಷರಶಃ ಹೊಂದಬೇಕು. ತುಕ್ಕಿನಿಂದ ಚಾಸಿ ನಂಬರ್ ಮಸುಕಾಗಿದ್ದರೆ ತಪಾಸಣೆಯಲ್ಲಿ ಕಷ್ಟವಾಗುತ್ತದೆ. ಕೊಂಡಾಗ ಸಾಲ ಮಾಡಿದ್ದರೆ ಅದು ತೀರಿದ ಮೇಲೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿರುವುದುಂಟು, ಅದನ್ನು ಮಾರುವವರೇ ತೆಗೆಸಿಕೊಡಬೇಕು.

ಕಟಪಾಡಿ_ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮೇಷ್ಟ್ರ ಮನೆಗೆ ಹೋಗಿ ನೋಡಿಕೊಂಡು ಬಂದೆ. ಹೇಳಿದ ಜಾಗಗಳನ್ನೆಲ್ಲ ತಟ್ಟಿ ನೋಡಿದೆ, ಚಾಸಿ ಗಟ್ಟಿಯಾಗಿದೆ. ಸೈಲೆನ್ಸರಿನ ಅಡಿಭಾಗದಲ್ಲಿ ಮಾತ್ರ ತೂತು ಬಿದ್ದು ಸದ್ದು ಒಡೆಯುತ್ತದೆ. ಹೊಗೆ ಇಲ್ಲ, ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಆದರೆ 2024ರ ನವೀಕರಣ ಮಾಡಿಸಿಲ್ಲ, ವಿಮೆಯೂ ಮುಗಿದಿದೆ, ನಂಬರ್ ಪ್ಲೇಟ್ ಹಳೆಯದೇ ಇದೆ. ಮಂಡಿನೋವಿನಿಂದ ಬೈಕು ಓಡಿಸುವುದನ್ನೇ ಬಿಟ್ಟೆ, ಹಾಗಾಗಿ ಕಾಗದಪತ್ರದ ಕಡೆ ಗಮನ ಕೊಡಲಿಲ್ಲ ಎಂದರು. ಬಹಳ ಸಮಯ ನಿಂತೇ ಇದ್ದ ಬೈಕಿಗೆ ಏನೇನು ಮಾಡಿಸಬೇಕು?

ಕಾರ್ಕಳದ_ಸವಾರ

ಹಾಗಿದ್ದರೆ ಹಣ ಕೊಡುವ ಮೊದಲು ಲೆಕ್ಕ ಹಾಕಿ. 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 2,000 ರೂಪಾಯಿಗೆ ಏರಿಸಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಸೇರುತ್ತದೆ, ಒಂದು ವರ್ಷ ತಡವಾದರೆ ಅದೇ 3,600 ಆಯಿತು. ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆ ಮತ್ತು ಎಚ್‌ಎಸ್‌ಆರ್‌ಪಿ ಎಂಬ ಭದ್ರತಾ ನಂಬರ್ ಪ್ಲೇಟಿನ ಖರ್ಚು ಬೇರೆ. ಥರ್ಡ್ ಪಾರ್ಟಿ ವಿಮೆಗೆ 75ರಿಂದ 150 ಸಿಸಿ ಬೈಕುಗಳಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 714 ರೂಪಾಯಿ, ಅದರ ಮೇಲೆ ತೆರಿಗೆ. ನವೀಕರಣವನ್ನು ಮೇಷ್ಟ್ರ ಹೆಸರಿನಲ್ಲೇ ಮೊದಲು ಮುಗಿಸಿ, ಆಮೇಲೆ ಫಾರ್ಮ್ 29 ಮತ್ತು 30ಕ್ಕೆ ಅವರ ಸಹಿ ಪಡೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿರಿಯರಾದ ಅವರನ್ನು ಕಚೇರಿಗೆ ಅಲೆಸದೆ ನೀವೇ ಓಡಾಡುತ್ತೇನೆಂದು ಹೇಳಿ, ಈ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ವಿನಯದಿಂದ ಕೇಳಿ. 11,000 ಅಥವಾ 12,000ಕ್ಕೆ ಒಪ್ಪಿದರೆ ಇಬ್ಬರಿಗೂ ನ್ಯಾಯವಾದ ಬೆಲೆ.

ಮನೆಯವರಿಗೂ ಈ ಲೆಕ್ಕವನ್ನೇ ತೋರಿಸಬಹುದು. ಹೊಸ ಸ್ಪ್ಲೆಂಡರ್ ಪ್ಲಸ್ ರಸ್ತೆಗಿಳಿಯುವ ಹೊತ್ತಿಗೆ ಮೇಷ್ಟ್ರು ಕೇಳಿದ 18,000ದ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ, ಅದರ ಮೇಲೆ ಕಂತಿನ ಬಡ್ಡಿ. ದಿನಕ್ಕೆ ಕಟಪಾಡಿ ಉಡುಪಿ ನಡುವಿನ ಓಡಾಟವಷ್ಟೇ ಇರುವವರಿಗೆ ಆ ಹೆಚ್ಚುವರಿ ಹಣದಿಂದ ಸಿಗುವ ಲಾಭ ನನಗಂತೂ ಕಾಣುವುದಿಲ್ಲ.

ಸುರತ್ಕಲ್_ಗ್ಯಾರೇಜ್

ಚಾಸಿ ಗಟ್ಟಿ, ಹೊಗೆ ಇಲ್ಲ ಎಂದರೆ ಧೈರ್ಯವಾಗಿ ತೆಗೆದುಕೊಳ್ಳಿ ಸರ್. ಸೈಲೆನ್ಸರಿಗೆ ವೆಲ್ಡಿಂಗ್ ಮಾಡಿಸಿದರೆ ನಮ್ಮ ಹವೆಯಲ್ಲಿ ಬಾಳುವುದಿಲ್ಲ, ಹೊಸದನ್ನೇ ಹಾಕಿಸಿ.

ನಿಂತ ಬೈಕಿನಲ್ಲಿ ಮೊದಲ ಕೆಲಸ ಪೆಟ್ರೋಲ್ ಟ್ಯಾಂಕಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದ ನೀರು ಹೆಚ್ಚಾದರೆ ಎಥನಾಲಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಆದ್ದರಿಂದ ಟ್ಯಾಂಕ್ ಬಿಚ್ಚಿ, ಹಳೆಯ ಪೆಟ್ರೋಲ್ ಚೆಲ್ಲಿ, ಒಳಗೆ ಬೆಳಕು ಬಿಟ್ಟು ನೋಡಬೇಕು. ಇಪ್ಪತ್ತು ವರ್ಷದ ಹಿಂದಿನ ರಬ್ಬರ್ ಭಾಗಗಳು ಇಷ್ಟು ಎಥನಾಲಿಗೆಂದು ಮಾಡಿದವಲ್ಲ, ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಕಾರ್ಬೊರೇಟರಿನ ಒಳಗಿನ ರಬ್ಬರ್ ಉಬ್ಬುತ್ತದೆ. ಪೈಪು, ಕಾರ್ಬೊರೇಟರ್ ಕಿಟ್, ಟ್ಯಾಂಕಿನ ಕೆಳಗಿನ ನಲ್ಲಿಯಾದ ಪೆಟ್ರೋಲ್ ಕಾಕಿನ ವಾಷರ್ ಇವನ್ನು ಒಟ್ಟಿಗೆ ಬದಲಿಸಿದರೆ ಎಥನಾಲಿನ ಚಿಂತೆ ಬಹುಮಟ್ಟಿಗೆ ಮುಗಿಯಿತು. ಫ್ಯುಯೆಲ್ ಇಂಜೆಕ್ಷನ್ ಇರುವ ಈಗಿನ ಬೈಕಿಗೆ ಸ್ಕ್ಯಾನರ್ ಬೇಕು, ಇದಕ್ಕೆ ಸ್ಪಾನರ್ ಸಾಕು. ಕಾಲೇಜಿಗೆ ರಜೆ ಬಂದು ವಾರಗಟ್ಟಲೆ ನಿಲ್ಲಿಸುವಾಗ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನು ಇಳಿಸಿಬಿಡಿ.

ಆಮೇಲೆ ಇಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್, ಬ್ರೇಕ್ ಲೈನರ್, ಕ್ಲಚ್ ಮತ್ತು ಬ್ರೇಕಿನ ಕೇಬಲ್. ಟಯರಿನ ಬಟನ್ (ಮೇಲಿನ ಉಬ್ಬು ಹಿಡಿತ) ಇದ್ದರೂ ಬದಿಯಲ್ಲಿ ಬಿರುಕು ಕಂಡರೆ ಎರಡನ್ನೂ ಬದಲಿಸಿ, ಇಲ್ಲಿ ಮಾತ್ರ ಉಳಿತಾಯ ಬೇಡ. ಈ ಇಂಜಿನ್ನಿನ ಸಿಲಿಂಡರ್ ಮುಂದಕ್ಕೆ ಮಲಗಿಕೊಂಡಂತೆ ಇರುವುದರಿಂದ ಜೋರು ಮಳೆಯಲ್ಲಿ ಮುಂದಿನ ಚಕ್ರದ ನೀರೆಲ್ಲ ನೇರವಾಗಿ ಪ್ಲಗ್ಗಿನ ಕಡೆಗೇ ಚಿಮ್ಮಿ ಇಂಜಿನ್ ತಡೆತಡೆದು ಓಡುತ್ತದೆ. ಜೂನ್ ಬರುವ ಮೊದಲು ಪ್ಲಗ್ ಕ್ಯಾಪ್ ಹೊಸದು ಹಾಕಿಸಿ, ಮುಂದಿನ ಮಡ್‌ಗಾರ್ಡಿನ ತುದಿಗೆ ಅಗಲವಾದ ರಬ್ಬರ್ ಫ್ಲಾಪ್ ಕಟ್ಟಿಸಿಕೊಳ್ಳಿ. ಅದನ್ನು ನೆಲಕ್ಕೆ ತಾಗದಷ್ಟು ಉದ್ದಕ್ಕೆ ಕತ್ತರಿಸಲು ಹೇಳಿ.