ಆಲ್ಸೇಸ್‌ನಿಂದ ಬಂದ ಹಿರಿಯರ ಊರನ್ನು ಹುಡುಕುವುದು ಹೇಗೆ?

ಪ್ರಶ್ನೆ (ನ್ಯೂಜೆರ್ಸಿಯಿಂದ):
ನನ್ನ ಗಂಡನ ಮುತ್ತಜ್ಜನ ತಂದೆ 1873ರ ಸುಮಾರಿಗೆ ಫ್ರಾನ್ಸ್–ಜರ್ಮನಿ ಗಡಿಯ ಆಲ್ಸೇಸ್ ಪ್ರಾಂತ್ಯದಿಂದ ನ್ಯೂಯಾರ್ಕ್‌ಗೆ ಬಂದವರೆಂದು ಮನೆಯ ಹಿರಿಯರು ಹೇಳುತ್ತಾರೆ. ಅವರ ಮರಣಪತ್ರದಲ್ಲಿ ಜನ್ಮಸ್ಥಳ ಫ್ರಾನ್ಸ್ ಎಂದಿದೆ; ಒಂದು ಜನಗಣತಿಯಲ್ಲಿ ಜರ್ಮನಿ ಎಂದಿದೆ. ಫ್ರಾನ್ಸಿನ ಜನನ, ವಿವಾಹ, ಮರಣ ದಾಖಲೆಗಳಲ್ಲಿ ಹುಡುಕಾಡಿದ ಅನುಭವ ಇರುವವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ಓಹಾಯೊದಿಂದ):
ನಿಮ್ಮ ಎರಡು ಕಾಗದಗಳಲ್ಲಿ ಯಾವುದೂ ಸುಳ್ಳಲ್ಲ. 1871ರಲ್ಲಿ ಆಲ್ಸೇಸ್ ಜರ್ಮನಿಯ ವಶವಾಗಿ 1918ರವರೆಗೆ ಅಲ್ಲಿಯೇ ಉಳಿದದ್ದರಿಂದ, ಯಾರು ಯಾವಾಗ ಕೇಳಿದರು ಎಂಬುದರ ಮೇಲೆ ಒಬ್ಬನೇ ಮನುಷ್ಯನ ದೇಶ ಬದಲಾಗುತ್ತಿತ್ತು.

ನನ್ನ ಹೆಂಡತಿಯ ಹಿರಿಯರನ್ನು ಹುಡುಕುವಾಗ ನಾನು ಅವಸರಪಟ್ಟು ನೇರವಾಗಿ ಫ್ರಾನ್ಸಿನ ಕಡತಗಳಿಗೆ ಕೈಹಾಕಿ ಒಂದು ವರ್ಷ ವ್ಯರ್ಥ ಮಾಡಿಕೊಂಡೆ. ಅಲ್ಲಿನ ದಾಖಲೆಗಳು ಊರೂರಿಗೆ ಬೇರೆ ಬೇರೆ ಇರುವುದರಿಂದ, ಊರಿನ ಹೆಸರನ್ನು ಮೊದಲು ಅಮೆರಿಕದಲ್ಲಿಯೇ ಸಂಪಾದಿಸಬೇಕು. 1906ಕ್ಕೆ ಹಿಂದಿನ ಪೌರತ್ವದ ಕಾಗದಗಳಲ್ಲಿ ಬಹುಮಟ್ಟಿಗೆ ದೇಶದ ಹೆಸರಷ್ಟೇ ಇರುತ್ತದೆ. ನಮಗೆ ಊರು ದೊರೆತದ್ದು ಚರ್ಚಿನ ವಿವಾಹ ಪುಸ್ತಕದಲ್ಲಿ. ಅದೂ ಪಾದ್ರಿ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ರೂಪದಲ್ಲಿ. ಆ ಹೆಸರನ್ನು ನಾಲ್ಕಾರು ಬಗೆಯಲ್ಲಿ ಉಚ್ಚರಿಸಿ ನೋಡಿದ ಮೇಲೆಯೇ ಭೂಪಟದಲ್ಲಿ ಅದು ಕಾಣಿಸಿತು. ನೀವು ಮೊದಲ ಮಗುವಿನ ದೀಕ್ಷಾಸ್ನಾನದ ದಾಖಲೆಯನ್ನೂ ಸಮಾಧಿಯ ಕಲ್ಲನ್ನೂ ಬಿಡದೆ ನೋಡಿ.

ಊರು ತಿಳಿದ ಮೇಲೆ ಕೆಲಸ ಸುಲಭ. ಬಾ-ರ‍್ಯಾಂ, ಓ-ರ‍್ಯಾಂ ಎಂಬ ಆಲ್ಸೇಸ್‌ನ ಎರಡು ಜಿಲ್ಲೆಗಳ ಪತ್ರಾಗಾರಗಳು ಪುಟಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. 1792ರ ಸೆಪ್ಟೆಂಬರಿನಲ್ಲಿ ದಾಖಲಿಸುವ ಕೆಲಸ ಪಾದ್ರಿಗಳಿಂದ ಊರಿನ ಆಡಳಿತಕ್ಕೆ ಬಂದ ಬಳಿಕ, ಹತ್ತು ಹತ್ತು ವರ್ಷಗಳಿಗೆ ಒಂದರಂತೆ ಹೆಸರುಗಳ ಸೂಚಿಯನ್ನು ಸಿದ್ಧಪಡಿಸುವ ಪದ್ಧತಿ ಬೆಳೆಯಿತು. ಮೊದಲು ಅದನ್ನು ತೆರೆಯಿರಿ. ನಿಮ್ಮವರ ಜನನದ ದಾಖಲೆ ದೊರೆತರೆ ಅಲ್ಲಿಗೆ ನಿಲ್ಲದೆ, ಮುಂದಿನ ಕೆಲವು ವರ್ಷಗಳ ಮರಣಸೂಚಿಯಲ್ಲಿಯೂ ಅದೇ ಹೆಸರನ್ನು ಹುಡುಕಿರಿ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿ ಇತ್ತು; ನಾನು ನಮ್ಮವನೆಂದು ನಂಬಿಕೊಂಡಿದ್ದ ‘ಮುತ್ತಾತ’ ಎರಡನೆಯ ವರ್ಷಕ್ಕೇ ಮಣ್ಣು ಸೇರಿದ್ದ ಕೂಸು.

ಎಲ್ಲಕ್ಕಿಂತ ಸಮೃದ್ಧವಾದದ್ದು ತಂದೆತಾಯಿಯ ವಿವಾಹದ ದಾಖಲೆ. ವಧೂವರರು ಹುಟ್ಟಿದ ದಿನ ಮತ್ತು ಊರು, ಕಸುಬು, ಇಬ್ಬರ ಹೆತ್ತವರ ಹೆಸರು, ಅವರು ಬದುಕಿದ್ದಾರೆಯೇ ಇಲ್ಲವೇ ಎಂಬುದು, ಎಷ್ಟೋ ಸಲ ತೀರಿಕೊಂಡ ದಿನಾಂಕವೂ ಅದರಲ್ಲಿರುವುದರಿಂದ, ಒಂದು ಪುಟದಿಂದ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ಹೆಂಗಸರನ್ನು ಸಾಯುವವರೆಗೂ ತವರಿನ ಕುಲನಾಮದಲ್ಲಿಯೇ ಬರೆಯುತ್ತಿದ್ದರು, ಇದೊಂದು ದೊಡ್ಡ ಉಪಕಾರ.

ತಿಂಗಳುಗಳ ವಿಷಯದಲ್ಲಿ ಎಚ್ಚರವಿರಲಿ. 7ರ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ‘ಬ್ರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನ ‘ಸೆಪ್ಟೆಮ್’ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್. 1805ರ ಕೊನೆಯವರೆಗೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ತಂದ ಹೊಸ ಪಂಚಾಂಗವೂ ಬಳಕೆಯಲ್ಲಿತ್ತು. ಅದರ ಎಂಟನೆಯ ವರ್ಷದ ಬ್ರೂಮೇರ್ ಎಂಬ ತಿಂಗಳ 18 ಎಂದರೆ ನಮ್ಮ ಲೆಕ್ಕದಲ್ಲಿ 1799ರ ನವೆಂಬರ್ 9.

ಉತ್ತರ (ಬೆಂಗಳೂರಿನಿಂದ):
ಊರು ತಿಳಿದರೆ ಕೆಲಸ ಸುಲಭ ಎಂಬ ಮೇಲಿನ ಮಾತಿಗೆ ಒಂದು ಅಪವಾದ ಪ್ಯಾರಿಸ್. ನನ್ನ ಸೊಸೆಯ ಹಿರಿಯರು ಅಲ್ಲಿಯವರು. 1860ಕ್ಕೆ ಹಿಂದಿನ ದಾಖಲೆಗಳ ಒಂದು ಪ್ರತಿ ನಗರಸಭಾ ಭವನದ ಕಡೆಯಲ್ಲಿಯೂ ಇನ್ನೊಂದು ನ್ಯಾಯಾಲಯದಲ್ಲಿಯೂ ಇದ್ದು, 1871ರ ಮೇ ತಿಂಗಳಲ್ಲಿ ಕಮ್ಯೂನ್‌ನ (ಪ್ಯಾರಿಸ್‌ನಲ್ಲಿ ದಂಗೆಯೆದ್ದವರು ನಡೆಸಿದ ಆಡಳಿತದ) ಕೊನೆಯ ದಿನಗಳ ಬೆಂಕಿಗೆ ಎರಡೂ ಆಹುತಿಯಾದವು. ಆಮೇಲೆ ಮನೆಮನೆಯ ಕಾಗದಗಳನ್ನೂ ಚರ್ಚಿನ ಪುಸ್ತಕಗಳನ್ನೂ ತರಿಸಿ ಸುಮಾರು ಮೂರನೆಯ ಒಂದು ಭಾಗವನ್ನಷ್ಟೇ ಮರಳಿ ಕಟ್ಟಲಾಯಿತು. ನಮ್ಮದು ಉಳಿದ ಎರಡು ಭಾಗಗಳಲ್ಲಿತ್ತು. ಕೊನೆಗೆ ನೆರವಾದದ್ದು ನೋಟರಿಗಳ ಮುಂದೆ ಬರೆಸಿದ ಮದುವೆಯ ಕರಾರು.

ಉತ್ತರ (ಮಾಂಟ್ರಿಯಲ್‌ನಿಂದ):
ನಮ್ಮಲ್ಲಿ ತೊಡಕು ಹೆಸರಿನದ್ದೇ. ಕ್ಯೂಬೆಕ್‌ಗೆ ಬಂದ ಸೈನಿಕರಿಗೆ ಕುಲನಾಮದ ಜೊತೆಗೆ ‘ದಿ’ (ಎಂದರೆ ‘ಎಂದು ಕರೆಯಲ್ಪಡುವ’) ಎಂಬ ಪದದಿಂದ ಸೇರಿಸಿದ ಅಡ್ಡಹೆಸರು ಇರುತ್ತಿತ್ತು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಕುಲನಾಮವನ್ನೂ ಇನ್ನೊಬ್ಬನು ಅಡ್ಡಹೆಸರನ್ನೂ ಉಳಿಸಿಕೊಂಡು, ಮೂರು ತಲೆಮಾರಿನ ಬಳಿಕ ಎರಡು ಬೇರೆ ಕುಟುಂಬಗಳಂತೆ ಕಾಣುತ್ತಾರೆ. ಆಲ್ಸೇಸ್‌ನವರಿಗೆ ಈ ಕಾಟ ಇರಲಾರದು. ಆದರೆ ಜರ್ಮನ್ ಹೆಸರಿಗೆ ಫ್ರೆಂಚ್ ರೂಪ, ಆಮೇಲೆ ಇಂಗ್ಲಿಷ್ ರೂಪ ಬಂದಿರಬಹುದಾದ್ದರಿಂದ ಮೂರನ್ನೂ ಬರೆದಿಟ್ಟುಕೊಂಡು ಸೂಚಿಯನ್ನು ತೆರೆಯಿರಿ.